ಮೇದೋಜೀರಕದ ನಿಧಾನಗತಿಯ ಗಡ್ಡೆ: ನಿಗಾ ಎಂಬ ಚಿಕಿತ್ಸೆ

ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಹತ್ತರಲ್ಲಿ ಒಂಬತ್ತು ಕ್ಯಾನ್ಸರುಗಳು ಗ್ರಂಥಿಯ ನಾಳಗಳ ಒಳಪದರದಿಂದ ಹೊರಡುವ ಅಡೆನೋಕಾರ್ಸಿನೋಮಾಗಳು. ಪತ್ತೆಯಾಗುವ ಹೊತ್ತಿಗೆ ಬಹುಪಾಲು ಹರಡಿಯೇ ಇರುವ, ತಿಂಗಳುಗಳ ಲೆಕ್ಕದಲ್ಲಿ ಮುಂದುವರಿಯುವ ಕಾಯಿಲೆ ಇದು. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದರೆ ಜನ ಹೆದರುವುದು ಇದಕ್ಕೆ. ಉಳಿದ ಚಿಕ್ಕ ಪಾಲಿನಲ್ಲಿ ಮುಖ್ಯವಾದದ್ದು ನ್ಯೂರೋಎಂಡೋಕ್ರೈನ್ ಗಡ್ಡೆ. ಹಾರ್ಮೋನು ತಯಾರಿಸುವ ಜೀವಕೋಶಗಳಿಂದ ಹುಟ್ಟುವ ಇದರ ನಡೆಯೇ ಬೇರೆ. ಎಷ್ಟೋ ಸಲ ವರ್ಷಗಟ್ಟಲೆ ಗಾತ್ರ ಬದಲಿಸದೆ ಕುಳಿತಿರುತ್ತದೆ. ಕೆಲವೊಮ್ಮೆ ಮಾತ್ರ ಬೆಳೆದು ದುಗ್ಧಗ್ರಂಥಿಗಳಿಗೋ ಯಕೃತ್ತಿಗೋ ಹರಡುತ್ತದೆ. ಚಿಕ್ಕದಾದ, ತೊಂದರೆ ಕೊಡದ ಇಂಥ ಗಡ್ಡೆಯನ್ನು ಕೂಡಲೇ ಕತ್ತರಿಸಿ ತೆಗೆಯದೆ, ಗೊತ್ತುಪಡಿಸಿದ ಅವಧಿಗೊಮ್ಮೆ ಅಳೆದು ನೋಡುತ್ತಾ ಹೋಗುವ ಕ್ರಮ ಕಳೆದ ಎರಡು ದಶಕಗಳಲ್ಲಿ ಗಟ್ಟಿಯಾಗಿದೆ. ಅದಕ್ಕೆ ಸಕ್ರಿಯ ನಿಗಾ ಎಂದು ಹೆಸರು.

ಮೂಲ ಮತ್ತು ಬಗೆಗಳು

ಮೇದೋಜೀರಕ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂ.ಮೀ. ಉದ್ದದ ಗ್ರಂಥಿ. ಅದರ ತಲೆಭಾಗ ಸಣ್ಣಕರುಳಿನ ಮೊದಲ ಬಾಗಿನಲ್ಲಿ ಕುಳಿತಿದೆ, ಬಾಲ ಗುಲ್ಮದವರೆಗೆ ಚಾಚಿದೆ. ಗ್ರಂಥಿಯ ಹೆಚ್ಚಿನ ಭಾಗ ಜೀರ್ಣರಸ ಉತ್ಪಾದಿಸುವುದಕ್ಕೆ ಮೀಸಲು. ಅದರ ನಡುವೆ ಚದುರಿದ ಸಣ್ಣ ಸಣ್ಣ ಕೋಶಪುಂಜಗಳನ್ನು 1869ರಲ್ಲಿ ಜರ್ಮನಿಯ ಪೌಲ್ ಲ್ಯಾಂಗರ್‌ಹಾನ್ಸ್ ಗುರುತಿಸಿದ. ಗ್ರಂಥಿಯ ತೂಕದಲ್ಲಿ ಶೇ. 1-2ರಷ್ಟೇ ಇರುವ ಈ ಪುಂಜಗಳಲ್ಲಿ ಇನ್ಸುಲಿನ್, ಗ್ಲುಕಗಾನ್, ಸೊಮ್ಯಾಟೋಸ್ಟ್ಯಾಟಿನ್ ಮುಂತಾದ ಹಾರ್ಮೋನುಗಳು ತಯಾರಾಗುತ್ತವೆ. ನ್ಯೂರೋಎಂಡೋಕ್ರೈನ್ ಗಡ್ಡೆ ಈ ಕೋಶಗಳ ವಂಶಕ್ಕೆ ಸೇರಿದ್ದು.

ಗಡ್ಡೆ ಹಾರ್ಮೋನನ್ನು ಮಿತಿಮೀರಿ ಸುರಿಸಿ ಲಕ್ಷಣ ತೋರಿಸಿದರೆ ಅದು ಕ್ರಿಯಾಶೀಲ ಗಡ್ಡೆ. ಇನ್ಸುಲಿನೋಮಾ ಇದರ ಸಾಮಾನ್ಯ ಉದಾಹರಣೆ: ಬೆಳಗಿನ ಜಾವ ಅಥವಾ ಊಟ ತಪ್ಪಿದಾಗ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಅಸಂಬದ್ಧ ಮಾತು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಇದನ್ನು ಮೂರ್ಛೆರೋಗವೆಂದೋ ಮನೋರೋಗವೆಂದೋ ತಿಳಿದು ವರ್ಷಗಳು ಕಳೆಯುವುದುಂಟು. ಆಸ್ಪತ್ರೆಯಲ್ಲಿ 72 ಗಂಟೆಗಳವರೆಗೆ ಉಪವಾಸವಿರಿಸಿ ಸಕ್ಕರೆ ಮತ್ತು ಇನ್ಸುಲಿನ್ ಮಟ್ಟ ನೋಡುವುದು ಇದರ ಹಳೆಯ, ಇಂದಿಗೂ ನೆಚ್ಚಿನ ಪರೀಕ್ಷೆ. ಗ್ಯಾಸ್ಟ್ರಿನೋಮಾ ಜಠರದ ಆಮ್ಲವನ್ನು ವಿಪರೀತ ಹೆಚ್ಚಿಸಿ ಮತ್ತೆ ಮತ್ತೆ ಹುಣ್ಣು ಮಾಡುತ್ತದೆ. 1955ರಲ್ಲಿ ಝೋಲಿಂಜರ್ ಮತ್ತು ಎಲಿಸನ್ ಇದನ್ನು ವರ್ಣಿಸಿದರು. ಗ್ಲುಕಗೋನೋಮಾ ಚರ್ಮದ ಮೇಲೆ ಸುಟ್ಟಂತಹ ದದ್ದು ಎಬ್ಬಿಸಿದರೆ, ವಿಐಪೋಮಾ ನೀರಿನಂಥ ಭೇದಿಯಿಂದ ದೇಹವನ್ನು ಒಣಗಿಸುತ್ತದೆ. ಇಂಥ ಗಡ್ಡೆಗಳು ಎಷ್ಟೇ ಚಿಕ್ಕವಾದರೂ ಅವುಗಳ ಹಾರ್ಮೋನೇ ಅಪಾಯಕಾರಿಯಾದ್ದರಿಂದ ಬರೀ ಕಾದು ನೋಡುವ ದಾರಿ ಸಾಮಾನ್ಯವಾಗಿ ಸಲ್ಲದು.

ನಿಗಾದ ಪ್ರಶ್ನೆ ಏಳುವುದು ಎರಡನೆಯ ಗುಂಪಿನಲ್ಲಿ, ಅಂದರೆ ಹಾರ್ಮೋನಿನ ಲಕ್ಷಣಗಳಿಲ್ಲದ ನಿಷ್ಕ್ರಿಯ ಗಡ್ಡೆಗಳಲ್ಲಿ. ಮೇದೋಜೀರಕದ ನ್ಯೂರೋಎಂಡೋಕ್ರೈನ್ ಗಡ್ಡೆಗಳಲ್ಲಿ ಹೆಚ್ಚಿನವು ಇವೇ.

ಆಕಸ್ಮಿಕವಾಗಿ ಸಿಗುವ ಗಡ್ಡೆ

ನಿಷ್ಕ್ರಿಯ ಗಡ್ಡೆ ಸಾಮಾನ್ಯವಾಗಿ ಬೇರೇನನ್ನೋ ಹುಡುಕುವಾಗ ಸಿಗುತ್ತದೆ. ಕಿಡ್ನಿ ಕಲ್ಲಿಗೆ, ಪಿತ್ತಕೋಶದ ನೋವಿಗೆ ಅಥವಾ ಅಪಘಾತದ ನಂತರ ತೆಗೆಸಿದ ಸಿ.ಟಿ. ಸ್ಕ್ಯಾನಿನ ವರದಿಯ ಕೊನೆಯ ಸಾಲುಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅಮೆರಿಕದ ಕ್ಯಾನ್ಸರ್ ನೋಂದಣಿಯ ಲೆಕ್ಕದಲ್ಲಿ ದೇಹದ ಎಲ್ಲ ಅಂಗಗಳ ನ್ಯೂರೋಎಂಡೋಕ್ರೈನ್ ಗಡ್ಡೆಗಳು 1973ರಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 1.09 ಇದ್ದದ್ದು 2012ಕ್ಕೆ 6.98ಕ್ಕೆ ಏರಿತು. ಈ ಏರಿಕೆಯ ದೊಡ್ಡ ಪಾಲು ಸ್ಕ್ಯಾನು ಮತ್ತು ಎಂಡೋಸ್ಕೋಪಿ ಹೆಚ್ಚಿದ್ದರಿಂದ ಬಂದದ್ದು. ಮೊದಲಾದರೆ ಬದುಕಿಡೀ ತಿಳಿಯದೇ ಹೋಗುತ್ತಿದ್ದ ಎಷ್ಟೋ ಗಡ್ಡೆಗಳಿಗೆ ಈಗ ಹೆಸರು, ಅಳತೆ, ಫೈಲು ಎಲ್ಲ ಇವೆ.

ಚಿತ್ರದಲ್ಲಿ ಕಂಡದ್ದೆಲ್ಲ ಈ ಗಡ್ಡೆಯೇ ಎಂದೂ ಹೇಳಲಾಗದು. ನ್ಯೂರೋಎಂಡೋಕ್ರೈನ್ ಗಡ್ಡೆಗೆ ರಕ್ತ ಪೂರೈಕೆ ಜಾಸ್ತಿ. ಹೀಗಾಗಿ ಬಣ್ಣದ ಔಷಧ ಚುಚ್ಚಿ ತೆಗೆದ ಸಿ.ಟಿ.ಯ ಮೊದಲ ಹಂತದಲ್ಲಿ ಅದು ಸುತ್ತಲಿನ ಗ್ರಂಥಿಗಿಂತ ಬೆಳ್ಳಗೆ ಹೊಳೆಯುತ್ತದೆ. ಮೇದೋಜೀರಕದ ಬಾಲದೊಳಗೆ ಹುಟ್ಟಿನಿಂದಲೇ ಸೇರಿಕೊಂಡ ಗುಲ್ಮದ ತುಣುಕೂ ಹಾಗೆಯೇ ಹೊಳೆಯುತ್ತದೆ. ಕಿಡ್ನಿ ಕ್ಯಾನ್ಸರು ಹಲವು ವರ್ಷಗಳ ಬಳಿಕ ಇಲ್ಲಿಗೆ ಹರಡಿದಾಗಲೂ ಇದೇ ನೋಟ. ಆದ್ದರಿಂದ ನಿಗಾ ಶುರುವಾಗುವ ಮೊದಲು ಗುರುತು ಖಚಿತವಾಗಬೇಕು. ಅದಕ್ಕೆ ಎರಡು ಸಾಧನಗಳಿವೆ.

ಒಂದು, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಬಾಯಿಯಿಂದ ಇಳಿಸಿದ ಕೊಳವೆಯ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವುದರಿಂದ, ಜಠರದ ಗೋಡೆಯ ಆಚೆಗಿರುವ ಗ್ರಂಥಿ ಬಹು ಹತ್ತಿರದಿಂದ ಕಾಣುತ್ತದೆ, ಕೆಲವೇ ಮಿ.ಮೀ. ಗಾತ್ರದ ಗಂಟೂ ಸಿಗುತ್ತದೆ. ಅಲ್ಲಿಂದಲೇ ಸೂಜಿ ಹಾಕಿ ಬಯಾಪ್ಸಿ ತೆಗೆಯಬಹುದು. ಇನ್ನೊಂದು, ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್. ಈ ಗಡ್ಡೆಯ ಕೋಶಗಳ ಮೇಲೆ ಸೊಮ್ಯಾಟೋಸ್ಟ್ಯಾಟಿನ್ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ದಟ್ಟವಾಗಿರುತ್ತವೆ. ಆ ಹಾರ್ಮೋನಿನ ನಕಲಿಗೆ ವಿಕಿರಣಶೀಲ ಗ್ಯಾಲಿಯಂ ಅಂಟಿಸಿ ರಕ್ತಕ್ಕೆ ಬಿಟ್ಟರೆ ಗಡ್ಡೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ಹೋಗಿ ಕೂರುತ್ತದೆ. ಗ್ಯಾಲಿಯಂ-68ರ ಅರ್ಧಾಯು ಸುಮಾರು 68 ನಿಮಿಷ ಮಾತ್ರ. ದೂರದಿಂದ ತರಿಸುವುದು ಕಷ್ಟ. ಹಾಗಾಗಿ ಇದನ್ನು ಉತ್ಪಾದಿಸುವ ಜನರೇಟರ್ ಇರುವ ಕೇಂದ್ರಗಳಲ್ಲೇ ಈ ಸ್ಕ್ಯಾನ್ ಹೆಚ್ಚಾಗಿ ನಡೆಯುತ್ತದೆ. ದೆಹಲಿಯ ಏಮ್ಸ್, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಇದು ಬಳಕೆಯಲ್ಲಿದೆ; ಬೆಂಗಳೂರಿನ ದೊಡ್ಡ ಕೇಂದ್ರಗಳಲ್ಲೂ ಸಿಗುತ್ತದೆ. ಗುಲ್ಮದ ತುಣುಕು ಈ ಸ್ಕ್ಯಾನಿನಲ್ಲೂ ಮೋಸ ಮಾಡಬಲ್ಲದು. ಅನುಮಾನ ಉಳಿದಾಗ ಬೇರೆ ಪರೀಕ್ಷೆ ಬೇಕಾಗುತ್ತದೆ.

ದರ್ಜೆ

ಗಡ್ಡೆಯ ಸ್ವಭಾವ ತಿಳಿಸುವ ಮುಖ್ಯ ಅಂಕಿ ಕೆ.ಐ.-67. ವಿಭಜನೆಯಲ್ಲಿ ತೊಡಗಿದ ಕೋಶಗಳಲ್ಲಿ ಮಾತ್ರ ಕಾಣುವ ಪ್ರೋಟೀನ್ ಇದು. ಜರ್ಮನಿಯ ಕೀಲ್ ನಗರದಲ್ಲಿ 1980ರ ದಶಕದ ಆರಂಭದಲ್ಲಿ ಪತ್ತೆಯಾದ್ದರಿಂದ ಈ ಹೆಸರು. ನೂರು ಕೋಶಗಳಲ್ಲಿ ಎಷ್ಟು ಬಣ್ಣ ಹಿಡಿದಿವೆ ಎಂದು ರೋಗಶಾಸ್ತ್ರಜ್ಞರು ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಇದು ಶೇ. 3ಕ್ಕಿಂತ ಕಡಿಮೆಯಿದ್ದರೆ ಮೊದಲ ದರ್ಜೆ, 3ರಿಂದ 20ರವರೆಗೆ ಎರಡನೆಯದು, 20ನ್ನು ಮೀರಿದರೆ ಮೂರನೆಯದು. ಕೋಶಗಳು ತಮ್ಮ ಮೂಲರೂಪವನ್ನೇ ಕಳೆದುಕೊಂಡ ನ್ಯೂರೋಎಂಡೋಕ್ರೈನ್ ಕಾರ್ಸಿನೋಮಾ ಬೇರೆಯೇ ರೋಗ. ಅದು ವೇಗದ್ದು, ನಿಗಾದ ಮಾತು ಅಲ್ಲಿಲ್ಲ. ಸೂಜಿಗೆ ಸಿಗುವುದು ಗಡ್ಡೆಯ ಒಂದು ಚೂರು ಮಾತ್ರವಾದ್ದರಿಂದ ಬಯಾಪ್ಸಿಯ ದರ್ಜೆ ಮತ್ತು ಇಡೀ ಗಡ್ಡೆ ತೆಗೆದ ಮೇಲಿನ ದರ್ಜೆ ಕೆಲವೊಮ್ಮೆ ಹೊಂದುವುದಿಲ್ಲ. ಆದ್ದರಿಂದಲೇ ದರ್ಜೆಯೊಂದನ್ನೇ ನಂಬದೆ ಗಾತ್ರ, ಬೆಳವಣಿಗೆ, ಲಕ್ಷಣ ಇವೆಲ್ಲವನ್ನೂ ಜೊತೆಗಿಟ್ಟು ನಿರ್ಧರಿಸುತ್ತಾರೆ.

ಕತ್ತರಿಸದೆ ಬಿಡುವುದರ ತರ್ಕ

ಇತರ ಅಂಗಗಳಲ್ಲಿ ಈ ಆಲೋಚನೆ ಹೊಸತಲ್ಲ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆ 1993ರಿಂದಲೇ ಥೈರಾಯ್ಡಿನ 1 ಸೆಂ.ಮೀ. ಒಳಗಿನ ಪ್ಯಾಪಿಲರಿ ಕ್ಯಾನ್ಸರನ್ನು ನಿಗಾದಲ್ಲಿಟ್ಟು ನೋಡಿತು. ಕಡಿಮೆ ಅಪಾಯದ ಪ್ರಾಸ್ಟೇಟ್ ಕ್ಯಾನ್ಸರಿಗೂ ಅದೇ ಕ್ರಮವಿದೆ. ಮೇದೋಜೀರಕದಲ್ಲಿ ಈ ತರ್ಕಕ್ಕೆ ಇನ್ನಷ್ಟು ಬಲವಿದೆ, ಏಕೆಂದರೆ ಇಲ್ಲಿನ ಶಸ್ತ್ರಚಿಕಿತ್ಸೆ ದೊಡ್ಡದು.

ತಲೆಭಾಗದ ಗಡ್ಡೆಗೆ ಮಾಡುವ ವಿಪಲ್ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆಯ ಜೊತೆಗೆ ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದಂಶ, ಕೆಲವೊಮ್ಮೆ ಜಠರದ ತುದಿಯೂ ಹೋಗುತ್ತವೆ. ಉಳಿದದ್ದನ್ನೆಲ್ಲ ಮತ್ತೆ ಕರುಳಿಗೆ ಜೋಡಿಸಬೇಕು. ಪಳಗಿದ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿದಿದೆ. ಆದರೆ ಜೋಡಣೆಯಿಂದ ಜೀರ್ಣರಸ ಸೋರುವುದು, ಸೋಂಕು, ಜಠರ ತಡವಾಗಿ ಖಾಲಿಯಾಗುವುದು ಮುಂತಾದ ತೊಡಕುಗಳು ಮೂವರಲ್ಲಿ ಒಬ್ಬರಿಗಾದರೂ ಬರುತ್ತವೆ. ಬಾಲದ ಗಡ್ಡೆಯ ಶಸ್ತ್ರಚಿಕಿತ್ಸೆ ಅಷ್ಟು ಜಟಿಲವಲ್ಲ, ಆದರೂ ಅನೇಕ ವೇಳೆ ಗುಲ್ಮವನ್ನೂ ತೆಗೆಯಬೇಕಾಗುತ್ತದೆ. ಗುಲ್ಮವಿಲ್ಲದವರಿಗೆ ನ್ಯುಮೋಕಾಕಸ್ ಮುಂತಾದ ಸೋಂಕುಗಳ ವಿರುದ್ಧ ಲಸಿಕೆ ಅಗತ್ಯ. ಗ್ರಂಥಿ ಕಳೆದುಕೊಂಡಷ್ಟೂ ಸಕ್ಕರೆ ಕಾಯಿಲೆಯ ಸಂಭವ ಹೆಚ್ಚು. ಮೊದಲೇ ಮಧುಮೇಹದ ಅಂಚಿನಲ್ಲಿರುವವರಿಗೆ ಇದು ಸಣ್ಣ ವಿಷಯವಲ್ಲ. ಕಡಲೆಕಾಳಿನಷ್ಟಿರುವ, ಬಹುಶಃ ಎಂದೂ ತೊಂದರೆ ಕೊಡದ ಗಂಟಿಗಾಗಿ ಈ ಬೆಲೆ ತೆರಬೇಕೇ ಎಂಬುದೇ ಪ್ರಶ್ನೆ.

ಯುರೋಪಿನ ನ್ಯೂರೋಎಂಡೋಕ್ರೈನ್ ಗಡ್ಡೆಗಳ ತಜ್ಞರ ಸಂಘವಾದ ಎನೆಟ್ಸ್ ಇದಕ್ಕೆ ನೀಡಿದ ಉತ್ತರದ ಸಾರ ಇಷ್ಟು: ಲಕ್ಷಣವಿಲ್ಲದ, ನಿಷ್ಕ್ರಿಯವಾದ, 2 ಸೆಂ.ಮೀ. ಮೀರದ, ಕೆಳದರ್ಜೆಯ ಗಡ್ಡೆಯನ್ನು ನಿಗಾದಲ್ಲಿಡಬಹುದು. ಈ ಸಲಹೆಯನ್ನು ಒರೆಗೆ ಹಚ್ಚಲು ಹಲವು ದೇಶಗಳ ಕೇಂದ್ರಗಳು ಸೇರಿ ನಡೆಸುತ್ತಿರುವ ಆಸ್ಪೆನ್ ಅಧ್ಯಯನದ ಮಧ್ಯಂತರ ವರದಿ 2022ರಲ್ಲಿ ಬಂತು. ಅದರಲ್ಲಿ ಸೇರಿದ್ದ 500 ಜನರಲ್ಲಿ ಸುಮಾರು ಐವರಲ್ಲಿ ನಾಲ್ವರು ನಿಗಾವನ್ನೇ ಆರಿಸಿಕೊಂಡಿದ್ದರು. ಅವರಲ್ಲಿ ಗಡ್ಡೆ ಗಮನಾರ್ಹವಾಗಿ ಬೆಳೆದದ್ದು ಕೆಲವರಲ್ಲಿ ಮಾತ್ರ. ಆದರೆ ದಶಕಗಳ ಲೆಕ್ಕದಲ್ಲಿ ನಡೆಯುವ ರೋಗಕ್ಕೆ ಎರಡು-ಮೂರು ವರ್ಷಗಳ ಪುರಾವೆ ಕೊನೆಯ ಮಾತಾಗದು. 2 ಸೆಂ.ಮೀ. ಒಳಗಿನ ಗಡ್ಡೆ ತೆಗೆದಾಗಲೂ ಅಲ್ಪಸಂಖ್ಯೆಯವರಲ್ಲಿ ಪಕ್ಕದ ದುಗ್ಧಗ್ರಂಥಿಗೆ ಹರಡಿದ್ದು ಕಂಡುಬಂದಿದೆ. ಹೀಗಾಗಿ 1 ಸೆಂ.ಮೀ. ಒಳಗಿನ ಗಡ್ಡೆಗೆ ನಿಗಾವೇ ಸರಿ ಎಂಬಲ್ಲಿ ಬಹುತೇಕ ಒಮ್ಮತವಿದ್ದರೆ, 1ರಿಂದ 2 ಸೆಂ.ಮೀ. ನಡುವಿನದರಲ್ಲಿ ತಜ್ಞರು ವಯಸ್ಸು, ಗಡ್ಡೆಯ ಜಾಗ, ಇತರ ಕಾಯಿಲೆ, ರೋಗಿಯ ಇಷ್ಟ ಎಲ್ಲವನ್ನೂ ತೂಗುತ್ತಾರೆ.

ಗಾತ್ರ ಚಿಕ್ಕದಾದರೂ ಕೆಲವು ಸಂದರ್ಭಗಳಲ್ಲಿ ನಿಗಾ ಹೊಂದುವುದಿಲ್ಲ. ಗಡ್ಡೆ ಮೇದೋಜೀರಕದ ಮುಖ್ಯ ನಾಳವನ್ನು ಒತ್ತಿ ಅದು ಹಿಗ್ಗಿರುವುದು, ಪಿತ್ತನಾಳ ಕಟ್ಟಿ ಕಾಮಾಲೆ ಬಂದಿರುವುದು, ದುಗ್ಧಗ್ರಂಥಿಗಳು ದಪ್ಪವಾಗಿರುವುದು, ಕೆ.ಐ.-67 ಹೆಚ್ಚಿರುವುದು ಅಪಾಯದ ಚಿಹ್ನೆಗಳು. ವಂಶವಾಹಿ ರೋಗಗಳಲ್ಲಿ ಲೆಕ್ಕ ಇನ್ನೂ ಬೇರೆ. ಮೆನ್-1 ಎಂಬ ಕಾಯಿಲೆಯಲ್ಲಿ ಮೇದೋಜೀರಕದ ತುಂಬ ಸಣ್ಣ ಗಡ್ಡೆಗಳು ಏಳುತ್ತವೆ, ಜೊತೆಗೆ ಪ್ಯಾರಾಥೈರಾಯ್ಡ್ ಮತ್ತು ಪಿಟ್ಯುಟರಿ ಗ್ರಂಥಿಗಳಲ್ಲೂ ಗಡ್ಡೆಗಳಾಗುತ್ತವೆ. ಎಲ್ಲವನ್ನೂ ಕತ್ತರಿಸಿದರೆ ಗ್ರಂಥಿಯೇ ಉಳಿಯದು. ಆದ್ದರಿಂದ 2 ಸೆಂ.ಮೀ. ಒಳಗಿನವನ್ನು ನಿಗಾದಲ್ಲಿಡುವ ರೂಢಿ ಇಲ್ಲಿ ಮೊದಲಿನಿಂದಲೂ ಇದೆ. ವಾನ್ ಹಿಪೆಲ್-ಲಿಂಡಾವ್ ಕಾಯಿಲೆಯಲ್ಲಿ ಈ ಮಿತಿಯನ್ನು 3 ಸೆಂ.ಮೀ. ತನಕ ಒಯ್ಯುವುದುಂಟು. ಚಿಕ್ಕ ವಯಸ್ಸಿನಲ್ಲಿ ಗಡ್ಡೆ ಸಿಕ್ಕರೆ, ಒಂದಕ್ಕಿಂತ ಹೆಚ್ಚಿದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೆ ಕ್ಯಾಲ್ಸಿಯಂ ಏರಿಕೆ, ಪದೇ ಪದೇ ಕಿಡ್ನಿ ಕಲ್ಲು ಇದ್ದರೆ ವಂಶವಾಹಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನಿಗಾ ನಡೆಯುವ ಕ್ರಮ

ರೂಢಿಯ ಕ್ರಮದಲ್ಲಿ ಮೊದಲ ಒಂದೆರಡು ವರ್ಷ ಆರು ತಿಂಗಳಿಗೊಮ್ಮೆ, ಗಡ್ಡೆ ಅಲುಗದಿದ್ದರೆ ಆಮೇಲೆ ವರ್ಷಕ್ಕೊಮ್ಮೆ ಚಿತ್ರ ತೆಗೆಯುತ್ತಾರೆ. ಇದಕ್ಕೆ ಎಂ.ಆರ್.ಐ. ಮೇಲು. ಹಲವು ಹಂತಗಳ ಹೊಟ್ಟೆಯ ಸಿ.ಟಿ. ಒಂದಕ್ಕೆ, ಮನುಷ್ಯ ಪರಿಸರದಿಂದ ಕೆಲವು ವರ್ಷಗಳಲ್ಲಿ ಪಡೆಯುವಷ್ಟು ವಿಕಿರಣ ಬೀಳುತ್ತದೆ. ಇಪ್ಪತ್ತು ವರ್ಷ ನಿಗಾದಲ್ಲಿರಬೇಕಾದ ನಲವತ್ತರ ಹರೆಯದವರಿಗೆ ಅದು ಸೇರುತ್ತಾ ಹೋಗುತ್ತದೆ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕಾದಾಗ ಮಾತ್ರ, ಡೋಟಾಟೇಟ್ ಪೆಟ್ ಆರಂಭದಲ್ಲಿ ಮತ್ತು ಅನುಮಾನ ಬಂದಾಗ.

ಎರಡು ವರದಿಗಳ ನಡುವಿನ ಮಿಲಿಮೀಟರುಗಳನ್ನು ಓದುವುದು ನಾಜೂಕಿನ ಕೆಲಸ. ಹಿಂದಿನ ವರದಿಯಲ್ಲಿ 11 ಮಿ.ಮೀ., ಈಗ 13 ಮಿ.ಮೀ. ಎಂದಿದ್ದರೆ ಗಡ್ಡೆ ಬೆಳೆದಿದೆ ಎಂದು ಕೂಡಲೇ ಹೇಳಲಾಗದು. ಒಮ್ಮೆ ಸಿ.ಟಿ., ಇನ್ನೊಮ್ಮೆ ಎಂ.ಆರ್.ಐ. ಮಾಡಿಸಿದ್ದರೆ, ಪದರಗಳ ದಪ್ಪ ಬದಲಾಗಿದ್ದರೆ, ಬೇರೆ ರೇಡಿಯಾಲಜಿಸ್ಟ್ ಬೇರೆ ಕೋನದಿಂದ ಅಳೆದಿದ್ದರೆ ಇಷ್ಟು ವ್ಯತ್ಯಾಸ ಸಹಜವಾಗಿ ಬರುತ್ತದೆ. ಅದೇ ಹೊತ್ತಿಗೆ ಸಣ್ಣ ಅಂಕಿಯನ್ನು ಕಡೆಗಣಿಸುವಂತೆಯೂ ಇಲ್ಲ: ಗುಂಡಾದ ಗಡ್ಡೆಯ ಅಡ್ಡಳತೆ 10ರಿಂದ 12 ಮಿ.ಮೀ.ಗೆ ಏರಿದರೆ ಅದರ ಗಾತ್ರ ಶೇ. 70ಕ್ಕೂ ಹೆಚ್ಚು ಹಿಗ್ಗಿದಂತೆ. ಅದಕ್ಕಾಗಿ ಹೊಸ ಚಿತ್ರವನ್ನು ಹಿಂದಿನ ವರದಿಯ ಜೊತೆಗಲ್ಲ, ಹಿಂದಿನ ಚಿತ್ರದ ಜೊತೆಗೇ ಇಟ್ಟು ನೋಡಬೇಕು. ಕಳೆದ ಸಲದ ಚಿತ್ರದ ಜೊತೆ ಮಾತ್ರವಲ್ಲ, ಮೊಟ್ಟಮೊದಲ ಚಿತ್ರದ ಜೊತೆಗೂ ಹೋಲಿಸಬೇಕು, ವರ್ಷಕ್ಕೊಂದು ಮಿ.ಮೀ. ಬೆಳೆಯುವ ಗಡ್ಡೆ ಪ್ರತಿ ಸಲವೂ ಬದಲಾವಣೆಯಿಲ್ಲ ಎಂಬ ವರದಿ ಪಡೆಯುತ್ತಲೇ ದೊಡ್ಡದಾಗಿರಬಹುದು.

ಇಡೀ ನಿಗಾ ನಿಂತಿರುವುದು ಈ ಹೋಲಿಕೆಯ ಮೇಲೆ. ಔಷಧವಿಲ್ಲದ ಈ ಚಿಕಿತ್ಸೆಯಲ್ಲಿ ಅಳತೆಯೇ ಔಷಧ. ಸಾಧ್ಯವಾದಷ್ಟೂ ಒಂದೇ ಕೇಂದ್ರ, ಒಂದೇ ಬಗೆಯ ಯಂತ್ರ, ಒಂದೇ ವಿಧಾನ ಇರಬೇಕು. ಚಿತ್ರಗಳ ಸಿ.ಡಿ. ಅಥವಾ ಪೆನ್‌ಡ್ರೈವ್ ರೋಗಿಯ ಕೈಯಲ್ಲೇ ಇರಬೇಕು. ಕರ್ನಾಟಕದಲ್ಲಿ ಊರಿನ ಸ್ಕ್ಯಾನ್ ಸೆಂಟರಿನಲ್ಲಿ ಒಂದು, ಬೆಂಗಳೂರಿನಲ್ಲಿ ಮತ್ತೊಂದು, ಮಗಳ ಮನೆಗೆ ಹೋದಾಗ ಪುಣೆಯಲ್ಲಿ ಇನ್ನೊಂದು ಎಂದು ಮಾಡಿಸಿಕೊಂಡವರ ಫೈಲಿನಲ್ಲಿ ಫಿಲ್ಮುಗಳಿರುತ್ತವೆ, ಹೋಲಿಸಲು ಬರುವ ದತ್ತಾಂಶ ಇರುವುದಿಲ್ಲ.

ರಕ್ತಪರೀಕ್ಷೆಗಳಲ್ಲಿ ಹೆಚ್ಚಾಗಿ ಹೆಸರು ಕೇಳುವುದು ಕ್ರೋಮೋಗ್ರಾನಿನ್-ಎ. ಇದರ ಮೇಲೆ ಅತಿಯಾದ ಭರವಸೆ ಬೇಡ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆಗಳು ಇದರ ಮಟ್ಟವನ್ನು ಹಲವು ಪಟ್ಟು ಏರಿಸುತ್ತವೆ. ಕಿಡ್ನಿ ದುರ್ಬಲವಾಗಿದ್ದರೂ ಹಾಗೆಯೇ. ಬೆಳಗೆದ್ದ ಕೂಡಲೇ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸ ವ್ಯಾಪಕವಾಗಿರುವಲ್ಲಿ, ಅದನ್ನು ಕೇಳದೆ ಮಾಡಿಸಿದ ಪರೀಕ್ಷೆ ಮನೆಮಂದಿಯನ್ನೆಲ್ಲ ಸುಮ್ಮನೆ ಹೆದರಿಸುತ್ತದೆ. ವೈದ್ಯರ ಒಪ್ಪಿಗೆ ಪಡೆದು ಎರಡು ವಾರ ಮೊದಲೇ ಆ ಮಾತ್ರೆ ನಿಲ್ಲಿಸಿ ಪರೀಕ್ಷಿಸುವುದು ಕ್ರಮ.

ನಿಗಾದ ನಡುವಿನ ಬದುಕು

ಗಡ್ಡೆ ನಿಷ್ಕ್ರಿಯವಾಗಿದ್ದಾಗ ದೇಹಕ್ಕೆ ಹೇಳುವಂಥ ತೊಂದರೆಯಿರುವುದಿಲ್ಲ. ಊಟದಲ್ಲಿ ವಿಶೇಷ ಪಥ್ಯವಿಲ್ಲ. ಗಡ್ಡೆಯ ಬೆಳವಣಿಗೆ ತಡೆಯುವ ಆಹಾರ ಯಾವುದೂ ಸಾಬೀತಾಗಿಲ್ಲ. ತಂಬಾಕು ಬಿಡುವುದು, ಮದ್ಯ ತ್ಯಜಿಸುವುದು, ತೂಕ ಮತ್ತು ಸಕ್ಕರೆ ಹಿಡಿತದಲ್ಲಿಡುವುದು ಗ್ರಂಥಿಯ ಒಟ್ಟು ಆರೋಗ್ಯಕ್ಕೆ ಬೇಕು. ಮುಂದೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದರೆ ಅದನ್ನು ತಡೆದುಕೊಳ್ಳುವ ದೇಹ ಸಿದ್ಧವಿರಲಿ ಎಂಬುದಕ್ಕೂ ಅದು ಬೇಕು. ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಹೊಟ್ಟೆನೋವು ಅಥವಾ ಬೆನ್ನುನೋವು, ದೀರ್ಘ ಭೇದಿ, ಹಸಿದಾಗ ತಲೆಸುತ್ತಿ ಬೆವರುವುದು ಕಂಡರೆ ಮುಂದಿನ ತಾರೀಖಿನವರೆಗೆ ಕಾಯಬಾರದು.

ಹೊರೆ ಇರುವುದು ಮನಸ್ಸಿನ ಮೇಲೆ. ಸ್ಕ್ಯಾನಿನ ದಿನ ಹತ್ತಿರವಾದಂತೆ ನಿದ್ದೆ ಕೆಡುವುದು, ವರದಿ ಕೈಗೆ ಬರುವ ತನಕ ಊಟ ಸೇರದಿರುವುದು ನಿಗಾದಲ್ಲಿರುವವರಲ್ಲಿ ಸಾಮಾನ್ಯ. ಕೆಲವರು ಅದನ್ನು ತಾಳಲಾರದೆ, ಗಡ್ಡೆ ಬೆಳೆಯದಿದ್ದರೂ ಶಸ್ತ್ರಚಿಕಿತ್ಸೆ ಕೇಳುತ್ತಾರೆ. ವೈದ್ಯಶಾಸ್ತ್ರ ಅದನ್ನೂ ಒಪ್ಪತಕ್ಕ ಕಾರಣವೆಂದೇ ಪರಿಗಣಿಸುತ್ತದೆ. ನಮ್ಮಲ್ಲಿ ಇದಕ್ಕೆ ಕುಟುಂಬದ ಮುಖವೂ ಇದೆ. ರೋಗಿಗೆ ಹೇಳಬೇಡಿ ಎಂದು ಮನೆಯವರು ವೈದ್ಯರನ್ನು ಕೇಳಿಕೊಳ್ಳುವುದು ಬಹುಕಾಲದ ರೂಢಿ. ಕೆಲವೇ ತಿಂಗಳ ಕಾಯಿಲೆಯಲ್ಲಿ ಹೇಗೋ ನಡೆದೀತು, ಹತ್ತು-ಇಪ್ಪತ್ತು ವರ್ಷಗಳ ನಿಗಾದಲ್ಲಿ ನಡೆಯದು. ವಿಷಯ ಗೊತ್ತಿಲ್ಲದವರು ಎರಡು ಸ್ಕ್ಯಾನ್ ಚೆನ್ನಾಗಿ ಬಂದ ಮೇಲೆ ಮೂರನೆಯದಕ್ಕೆ ಹೋಗುವುದಿಲ್ಲ. ಮಗಳ ಮದುವೆಗೆ ತೊಡಕಾದೀತೆಂದು ಮುಚ್ಚಿಡುವುದೂ ಉಂಟು. ವಂಶವಾಹಿ ಕಾಯಿಲೆಯಿದ್ದಾಗ ಆ ಮೌನ ಮಕ್ಕಳಿಗೇ ಹಾನಿ. ಹಣದ ಪ್ರಶ್ನೆಯೂ ಸಣ್ಣದಲ್ಲ. ಆರೋಗ್ಯ ವಿಮೆಗಳು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದ ಖರ್ಚನ್ನು ಭರಿಸುತ್ತವೆ. ಹೊರರೋಗಿಯಾಗಿ ವರ್ಷವರ್ಷವೂ ಮಾಡಿಸುವ ಎಂ.ಆರ್.ಐ.ಗೆ ಅನೇಕರು ಕೈಯಿಂದಲೇ ಕೊಡಬೇಕಾಗುತ್ತದೆ.

ನಿಗಾವನ್ನು ಚಿಕಿತ್ಸೆ ತಪ್ಪಿಸಿಕೊಳ್ಳುವುದರ ಜೊತೆ ಬೆರೆಸಬಾರದು. ಈ ಗಡ್ಡೆಯ ಮಾತು ಬಂದಾಗ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಹೆಸರು ಏಳುತ್ತದೆ. 2003ರ ಅಕ್ಟೋಬರಿನಲ್ಲಿ ಅವರಿಗೆ ಇದು ಪತ್ತೆಯಾಯಿತು. ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸಿದರೂ ಆಹಾರಕ್ರಮ ಮತ್ತಿತರ ಪರ್ಯಾಯಗಳ ಮೊರೆಹೋಗಿ ಸುಮಾರು ಒಂಬತ್ತು ತಿಂಗಳು ಮುಂದೂಡಿದರು. 2004ರಲ್ಲಿ ಶಸ್ತ್ರಚಿಕಿತ್ಸೆ, 2009ರಲ್ಲಿ ಯಕೃತ್ತಿನ ಕಸಿ, 2011ರಲ್ಲಿ ಸಾವು. ಆ ಒಂಬತ್ತು ತಿಂಗಳು ನಿಗಾ ಆಗಿರಲಿಲ್ಲ: ಕಾಯಲು ವೈದ್ಯಕೀಯ ಆಧಾರವಿರಲಿಲ್ಲ. ನಾಟಿ ಔಷಧ ಕುಡಿಯುತ್ತಾ ಸ್ಕ್ಯಾನ್ ಬಿಟ್ಟುಬಿಡುವುದೂ ಇದೇ ಸಾಲಿಗೆ ಸೇರುತ್ತದೆ. ನಟ ಇರ್ಫಾನ್ ಖಾನ್ 2018ರಲ್ಲಿ ತಮಗೆ ನ್ಯೂರೋಎಂಡೋಕ್ರೈನ್ ಗಡ್ಡೆಯಿರುವುದನ್ನು ಪ್ರಕಟಿಸಿ 2020ರಲ್ಲಿ ತೀರಿಕೊಂಡಾಗ ಭಾರತದಲ್ಲಿ ಈ ಹೆಸರು ಮನೆಮನೆಗೆ ತಲುಪಿತು, ಭಯವೂ ತಲುಪಿತು. ಆದರೆ ಈ ಒಂದೇ ಹೆಸರಿನಡಿ ವೇಗದ ಕಾಯಿಲೆಯೂ ಇದೆ, ನಿಧಾನದ್ದೂ ಇದೆ. ಒಬ್ಬರ ಕಥೆ ಇನ್ನೊಬ್ಬರ ಭವಿಷ್ಯವಲ್ಲ.

ನಿಗಾ ಕೊನೆಗೊಳ್ಳುವ ಘಟ್ಟಗಳು

ವರ್ಷದಲ್ಲಿ 5 ಮಿ.ಮೀ.ಗಿಂತ ಹೆಚ್ಚು ಬೆಳೆಯುವುದು, 2 ಸೆಂ.ಮೀ. ದಾಟುವುದು, ನಾಳ ಹಿಗ್ಗುವುದು, ಹೊಸ ಲಕ್ಷಣ, ದುಗ್ಧಗ್ರಂಥಿಯಲ್ಲಿ ಅಥವಾ ಯಕೃತ್ತಿನಲ್ಲಿ ಹೊಸ ಕಲೆ ಕಾಣುವುದು: ಇವುಗಳಲ್ಲಿ ಯಾವುದಾದರೂ ಶಸ್ತ್ರಚಿಕಿತ್ಸೆಯ ಚರ್ಚೆಗೆ ದಾರಿ. ಜಾಗ ಅನುಕೂಲವಾಗಿದ್ದರೆ ಗಡ್ಡೆಯನ್ನು ಮಾತ್ರ ಸುಲಿದು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯೂ ಉಂಟು. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿನ ಮೂಲಕ ಸೂಜಿ ಹಾಕಿ ಶಾಖದಿಂದ ಗಡ್ಡೆ ಸುಡುವ ವಿಧಾನ ಆಯ್ದ ರೋಗಿಗಳಲ್ಲಿ ಬಳಕೆಗೆ ಬರುತ್ತಿದೆ.

ಹರಡಿದ ಮೇಲೂ ಎಲ್ಲ ಮುಗಿಯುವುದಿಲ್ಲ. ಸೊಮ್ಯಾಟೋಸ್ಟ್ಯಾಟಿನ್ ಮಾದರಿಯ ಲ್ಯಾನ್‌ರಿಯೋಟೈಡ್ ಅಥವಾ ಆಕ್ಟ್ರಿಯೋಟೈಡ್ ಚುಚ್ಚುಮದ್ದನ್ನು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. 2014ರಲ್ಲಿ ಪ್ರಕಟವಾದ ಕ್ಲಾರಿನೆಟ್ ಪ್ರಯೋಗದಲ್ಲಿ ಲ್ಯಾನ್‌ರಿಯೋಟೈಡ್ ಪಡೆದವರಲ್ಲಿ ಶೇ. 65 ಜನರಿಗೆ ಎರಡು ವರ್ಷದ ಕೊನೆಗೂ ರೋಗ ಮುಂದುವರಿದಿರಲಿಲ್ಲ. ಔಷಧವಿಲ್ಲದ ಚುಚ್ಚುಮದ್ದು ಪಡೆದ ಗುಂಪಿನಲ್ಲೂ ಇದು ಶೇ. 33 ಇತ್ತು, ಈ ರೋಗದ ಸಹಜ ನಿಧಾನಗತಿಗೆ ಅದೊಂದು ಸಾಕ್ಷಿ. ಈ ಚುಚ್ಚುಮದ್ದಿನಿಂದ ಪಿತ್ತಕೋಶದ ಕಲ್ಲು, ಎಣ್ಣೆಯಂಥ ಮಲ ಬರಬಹುದು. ಎರಡನೆಯದಕ್ಕೆ ಊಟದ ಜೊತೆ ಕಿಣ್ವದ ಕ್ಯಾಪ್ಸೂಲು ಬೇಕಾಗುತ್ತದೆ. ಆ ಕ್ಯಾಪ್ಸೂಲಿನಲ್ಲಿರುವ ಪ್ಯಾಂಕ್ರಿಯಾಟಿನ್ ಹಂದಿಯ ಗ್ರಂಥಿಯಿಂದ ತಯಾರಾಗುವುದರಿಂದ, ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಇದನ್ನು ಮೊದಲೇ ತಿಳಿಸಿ ಮಾತಾಡುವುದು ಸರಿ. ಎವೆರೋಲಿಮಸ್, ಸುನಿಟಿನಿಬ್ ಮಾತ್ರೆಗಳು, ಕ್ಯಾಪೆಸಿಟಾಬಿನ್ ಮತ್ತು ಟೆಮೊಜೊಲೊಮೈಡ್ ಜೋಡಿ, ಗಡ್ಡೆಯ ಗ್ರಾಹಕಕ್ಕೇ ವಿಕಿರಣ ಒಯ್ಯುವ ಲುಟೇಶಿಯಂ-177 ಚಿಕಿತ್ಸೆ ಮುಂದಿನ ಮೆಟ್ಟಿಲುಗಳು. ಈ ಲುಟೇಶಿಯಂ ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ರಿಯಾಕ್ಟರಿನಲ್ಲೂ ತಯಾರಾಗುತ್ತದೆ.

ಇನ್ನೊಂದು ಕೊನೆಯೂ ಇದೆ. ಎಂಬತ್ತು ದಾಟಿದವರಲ್ಲಿ, ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆಯುಳ್ಳವರಲ್ಲಿ ಗಡ್ಡೆ ಬೆಳೆದರೂ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲವಾದರೆ, ಸ್ಕ್ಯಾನಿನ ಫಲಿತಾಂಶದಿಂದ ಬದಲಾಗುವುದು ಏನೂ ಇರುವುದಿಲ್ಲ. ಅಂಥಲ್ಲಿ ರೋಗಿ ಮತ್ತು ಮನೆಯವರ ಜೊತೆ ಮಾತಾಡಿ ಅಳತೆಯನ್ನೇ ನಿಲ್ಲಿಸಿ, ಲಕ್ಷಣ ಬಂದರೆ ಮಾತ್ರ ನೋಡಿಕೊಳ್ಳುವುದು ಸರಿಯಾದ ವೈದ್ಯಕೀಯ ನಿರ್ಧಾರ. ಯಾರ ನಿಗಾವನ್ನು ಯಾವ ವಯಸ್ಸಿನಲ್ಲಿ, ಎಷ್ಟು ವರ್ಷ ಗಡ್ಡೆ ಅಲುಗದಿದ್ದ ಮೇಲೆ ಸಡಿಲಿಸಬಹುದು ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮ ಇನ್ನೂ ರೂಪುಗೊಂಡಿಲ್ಲ. ಸದ್ಯಕ್ಕೆ ಅದನ್ನು ತೀರ್ಮಾನಿಸುವುದು ಒಬ್ಬ ವೈದ್ಯರ ಕೆಲಸವಲ್ಲ. ಶಸ್ತ್ರಚಿಕಿತ್ಸಕರು, ಗ್ಯಾಸ್ಟ್ರೋಎಂಟರಾಲಜಿಸ್ಟ್, ರೇಡಿಯಾಲಜಿಸ್ಟ್, ನ್ಯೂಕ್ಲಿಯರ್ ಮೆಡಿಸಿನ್ ತಜ್ಞರು ಒಂದೇ ಮೇಜಿನ ಸುತ್ತ ಕುಳಿತು ಚಿತ್ರಗಳನ್ನು ನೋಡುವ ಟ್ಯೂಮರ್ ಬೋರ್ಡಿನ ಕೆಲಸ.